ಉಣಿಸುವ ಕೈಯ ಸಂಯಮ

ನಮ್ಮ ಸಂಸಾರಗಳಲ್ಲಿ ಅಂತಃಕರಣವು ಮಾತಿನಿಂದ ಪ್ರಕಟವಾಗುವುದು ಅಪರೂಪ. ಬಹುಮಟ್ಟಿಗೆ ಅದು ಅನ್ನದ ಮೂಲಕವೇ ಪ್ರಕಟವಾಗುತ್ತದೆ. ಬಹುದಿನಗಳ ಮೇಲೆ ಮನೆಗೆ ಬಂದ ಮಗನನ್ನು ಕ್ಷೇಮ ವಿಚಾರಿಸುವುದಕ್ಕೆ ಮೊದಲೇ ‘ಊಟ ಆಯಿತೆ?’ ಎಂದು ಕೇಳುವ ತಾಯಿ, ಮುನಿದ ಗಂಡನ ಮುಂದೆ ಮಾತಿಲ್ಲದೆ ತಟ್ಟೆಯಿಟ್ಟು ಕಲಹವನ್ನು ಮುಗಿಸಿಬಿಡುವ ಗೃಹಿಣಿ, ಸಾಕೆಂದು ಕೈ ಅಡ್ಡ ಹಿಡಿದ ನೆಂಟನ ಎಲೆಗೆ ಬೆರಳ ಸಂದಿನಿಂದಲಾದರೂ ಇನ್ನೊಂದು ಸೌಟು ಪಾಯಸವನ್ನು ಇಳಿಸಿದ ಹೊರತು ಸಮಾಧಾನಗೊಳ್ಳದ ಯಜಮಾನ—ಇವರೆಲ್ಲರ ಪ್ರೀತಿಯೂ ಹಾದುಹೋಗತಕ್ಕ ಮಾರ್ಗ ಒಂದೇ: ಸುಮಾರು 25 ಸೆಂಟಿಮೀಟರು ಉದ್ದದ ಅನ್ನನಾಳ. ಆ ಮಾರ್ಗಕ್ಕೇ ಅರ್ಬುದರೋಗವು, ಎಂದರೆ ಕ್ಯಾನ್ಸರು, ತಗುಲಿದಾಗ, ಮನೆಯವರು ಪ್ರೀತಿಯನ್ನು ತೋರುವುದಕ್ಕೆ ಬಲ್ಲ ಏಕಮಾತ್ರ ರೀತಿಯೇ ರೋಗಿಗೆ ಹಿಂಸೆಯಾಗಿ ಪರಿಣಮಿಸುವುದುಂಟು. ಇತರ ವ್ಯಾಧಿಗಳಲ್ಲಿ ಶುಶ್ರೂಷೆಗೆ ಶ್ರಮವೊಂದಿದ್ದರೆ ಬಹುಮಟ್ಟಿಗೆ ಸಾಕಾದೀತು. ಇಲ್ಲಿ ಶುಶ್ರೂಷೆಗೆ ನಿಂತವನು ತನ್ನ ಪ್ರೀತಿಯ ಅಭ್ಯಾಸವನ್ನೇ ತಿದ್ದಿಕೊಳ್ಳಬೇಕಾಗುತ್ತದೆ.

ಬೆಂಗಳೂರಿನ ಹಲಸೂರಿಗೆ ಆತುಕೊಂಡಿರುವ ಮರ್ಫಿ ಟೌನು, ದಂಡಿನ ಆಡಳಿತದ ಕಾಲದಲ್ಲಿ ನಾಕ್ಸ್‌ಪೇಟೆಯೆನಿಸಿಕೊಂಡು, ಅನಂತರ ಆ ಆಡಳಿತದ ಇಂಜಿನಿಯರರೊಬ್ಬರ ಹೆಸರನ್ನು ಹೊತ್ತುಕೊಂಡ ಬಡಾವಣೆ. ಕನ್ನಡ, ತಮಿಳು, ತೆಲುಗು, ಉರ್ದು—ಈ ನಾಲ್ಕೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಒಂದು ಮನೆಯ ಒಗ್ಗರಣೆಯ ಘಾಟು ಮೂರನೆಯ ಮನೆಗೆ ತಲಪುತ್ತದೆ. ಇಂಥ ಒಂದು ಬೀದಿಯಲ್ಲಿ ನಾನು ಹತ್ತಿರದಿಂದ ಕಂಡ ಒಂದು ಕುಟುಂಬದ ಹಿರಿಯಾಕೆ, ಮೊದಲು ಮುದ್ದೆಯ ತುತ್ತು ಎದೆಯಲ್ಲಿ ನಿಂತಂತಾಗಿ ಪ್ರತಿ ತುತ್ತಿಗೂ ನೀರು ಕುಡಿಯತೊಡಗಿದರು. ಆಮೇಲೆ ಚಪಾತಿಯನ್ನು ಬಿಟ್ಟರು. ಆಮೇಲೆ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವ ಹಾಗೆ ಮಾಡಿಕೊಂಡರು. ಗಟ್ಟಿಯಾದುದು ಮೊದಲು, ಮೆತ್ತಗಿನದು ಆಮೇಲೆ, ಕಡೆಗೆ ನೀರು—ಅನ್ನನಾಳದ ಅರ್ಬುದವು ದಾರಿಯನ್ನು ಮುಚ್ಚುತ್ತ ಬರುವ ಕ್ರಮವೇ ಇದು. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಒಬ್ಬರೇ ಉಣ್ಣುವ ಪದ್ಧತಿಯವರಾದುದರಿಂದ ತಿಂಗಳುಗಟ್ಟಲೆ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಸೀರೆಯ ನೆರಿಗೆಗಳು ಹೆಚ್ಚಾದುದನ್ನು ಕಂಡ ಸೊಸೆಗೇ ಮೊದಲು ಅನುಮಾನ ಬಂದದ್ದು. ಈ ರೋಗ ಪುರುಷರದ್ದೆಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಆದರೆ 1982ರಿಂದ ಕಿದ್ವಾಯಿ ಅರ್ಬುದ ಸಂಸ್ಥೆಯವರು ನಡೆಸಿಕೊಂಡು ಬಂದಿರುವ ಬೆಂಗಳೂರಿನ ಅರ್ಬುದ ನೋಂದಣಿಯನ್ನು ನೋಡಿದವರು, ಸ್ತ್ರೀಯರಲ್ಲಿಯೂ ಇದು ಗಣನೀಯವಾದ ರೋಗವೆಂಬುದನ್ನು ಬಲ್ಲರು. ಮನೆಯ ಹೆಂಗಸು ಏನನ್ನು, ಯಾವಾಗ, ಹೇಗೆ ಉಂಡಳೆಂಬುದನ್ನು ನೋಡುವ ಅಭ್ಯಾಸವು ಮನೆಯಲ್ಲಿ ಒಬ್ಬರಿಗಾದರೂ ಇರತಕ್ಕದ್ದು.

ಎಂಡೋಸ್ಕೋಪಿಯೂ ಬಯಾಪ್ಸಿಯೂ ಮುಗಿದ ಮೇಲೆ ಮಗನು ನಿಶ್ಚಯಿಸಿದ್ದು, ತಾಯಿಗೆ ‘ಹುಣ್ಣು’ ಎಂದಷ್ಟೇ ಹೇಳುವುದೆಂದು. ಆದರೆ ಹೊಸೂರು ರಸ್ತೆಯಲ್ಲಿ 1973ರಿಂದ ಇರುವ ಕಿದ್ವಾಯಿ ಆಸ್ಪತ್ರೆಯ ಹೆಸರು ಈ ನಾಡಿನ ಯಾವ ಹಳ್ಳಿಯ ಮುದುಕಿಗೆ ತಿಳಿಯದು? ‘ಕಿದ್ವಾಯಿಗೆ ಹೋಗೋಣ’ ಎಂಬ ಮಾತಿನಲ್ಲಿಯೇ ರೋಗದ ಹೆಸರು ಅಡಗಿದೆ. ಆಕೆ ಅಲ್ಲಿನ ಬೆಂಚಿನ ಮೇಲೆ ಕುಳಿತು, ಗಂಟಲಿಗೆ ಟವೆಲು ಸುತ್ತಿಕೊಂಡವರನ್ನೂ ತಲೆಗೂದಲು ಉದುರಿದವರನ್ನೂ ಕಂಡು, ಎಲ್ಲವನ್ನೂ ಅರಿತುಕೊಂಡು, ಮಗನಿಗೆ ನೋವಾಗದಿರಲೆಂದು ತಾವೂ ಏನೂ ತಿಳಿಯದವರಂತೆ ಇದ್ದುಬಿಟ್ಟರು. ಹೀಗೆ ಇಬ್ಬರೂ ಪರಸ್ಪರರನ್ನು ಕಾಪಾಡುವ ಭರದಲ್ಲಿ ಇಬ್ಬರೂ ಒಂಟಿಯಾದರು. ರೋಗಿಯು ಎಷ್ಟನ್ನು ತಿಳಿಯಬಯಸುತ್ತಾನೆಂಬುದನ್ನು ಅವನನ್ನೇ ಕೇಳಿ, ಅಷ್ಟನ್ನು ನಿಜವಾಗಿ ಹೇಳುವುದು ಕ್ರೌರ್ಯವಲ್ಲ; ತನ್ನ ದೇಹಕ್ಕೆ ಏನಾಗುತ್ತಿದೆಯೆಂಬುದರ ತಿಳಿವು ಅವನಿಗೆ ಸಲ್ಲಬೇಕಾದ ಗೌರವ.

ಚಿಕಿತ್ಸೆಯ ಪಂಚಾಂಗವನ್ನು ಮನೆಯವರು ಮೊದಲೇ ತಿಳಿದಿರುವುದು ಅತ್ಯಾವಶ್ಯಕ. ರೋಗವು ಹಬ್ಬದೆ, ಶಸ್ತ್ರಚಿಕಿತ್ಸೆಗೆ ದೇಹವು ತಾಳುವಂತಿದ್ದರೆ, ವಾರಕ್ಕೊಮ್ಮೆ ಕೀಮೋ ಔಷಧಿಯನ್ನೂ ವಾರಕ್ಕೆ ಐದು ದಿನ ವಿಕಿರಣವನ್ನೂ ಕೊಟ್ಟು, ಕೆಲವು ವಾರ ಬಿಟ್ಟು ಅನ್ನನಾಳವನ್ನು ತೆಗೆದು ಜಠರವನ್ನೇ ನಳಿಗೆಯಂತೆ ಮೇಲೆಳೆದು ಜೋಡಿಸುವ ಕ್ರಮವೊಂದುಂಟು. ನೆದರ್ಲೆಂಡ್ಸಿನ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಪ್ರಸಿದ್ಧವಾದ ಈ ಕ್ರಮದಲ್ಲಿ ವಿಕಿರಣವು 23 ಸಲ. ಶಸ್ತ್ರಚಿಕಿತ್ಸೆಯಿಲ್ಲದೆ ಇವೆರಡರಿಂದಲೇ ಗುಣಪಡಿಸಲೆಳಸುವಲ್ಲಿ ಸಾಮಾನ್ಯವಾಗಿ 28 ಸಲ. ನಮ್ಮ ಜನ ವಿಕಿರಣವನ್ನು ‘ಕರೆಂಟು ಇಡುವುದು’ ಎನ್ನುತ್ತಾರೆ. ಮೊದಲ ವಾರ ಏನೂ ಆಗುವುದಿಲ್ಲ. ಎರಡನೆಯ ಮೂರನೆಯ ವಾರದಲ್ಲಿ ಒಳಗಿನ ಪೊರೆ ಬೆಂದು ಉಗುಳು ನುಂಗಿದರೂ ಉರಿ. ಮುಗಿಯುವ ಹೊತ್ತಿಗೆ ಅದು ಪರಾಕಾಷ್ಠೆಗೇರಿ, ಮುಗಿದ ಮೇಲೂ ಕೆಲವು ವಾರ ಇರುತ್ತದೆ. ಈ ಉರಿಯು ಚಿಕಿತ್ಸೆಯದು, ರೋಗವು ಉಲ್ಬಣಿಸಿದ್ದರ ಚಿಹ್ನೆಯಲ್ಲ. ಇದನ್ನರಿಯದೆ ‘ಕರೆಂಟಿನಿಂದಲೇ ಹಾಳಾಯಿತು’ ಎಂದು ನಡುವೆ ನಿಲ್ಲಿಸಿದವರಿದ್ದಾರೆ. ನಿಲ್ಲಿಸದೆ ಪೂರೈಸುವುದರಲ್ಲಿಯೇ ಅದರ ಬಲವೆಲ್ಲ ಇರುವುದು.

ಈ ಮೂರನೆಯ ವಾರದಲ್ಲಿಯೇ ಆ ಮನೆಯಲ್ಲಿ ಊಟದ ಹೊತ್ತು ಯುದ್ಧದ ಹೊತ್ತಾಯಿತು. ಸೊಸೆ ಲೋಟ ಹಿಡಿದು, “ಅತ್ತೆ, ಇದೊಂದು ಗುಟುಕು, ಇಷ್ಟೇ” ಎನ್ನುವಳು, ಆಕೆ “ಸಾಕಮ್ಮ, ಬಲವಂತ ಮಾಡಬೇಡ” ಎಂದು ಮುಖ ತಿರುಗಿಸುವರು, ಮಗ ಒಳಗಿನಿಂದ ಬಂದು, “ತಿನ್ನದೇ ಇದ್ರೆ ವಾಸಿ ಆಗೋದು ಹೇಗಮ್ಮ? ನಿನಗೋಸ್ಕರ ಇಷ್ಟು ಜನ ಒದ್ದಾಡ್ತಾ ಇಲ್ವೆ?” ಎಂದು ಗದರುವನು. ಆ ಗದರಿಕೆಯ ಹಿಂದೆ ಇದ್ದದ್ದು ಭಯವೇ ಹೊರತು ಕೋಪವಲ್ಲ. ಆದರೆ ನುಂಗಲಾರದವರಿಗೆ ನುಂಗೆಂದು ಹೇಳುವುದು, ಕಾಲು ಮುರಿದವನನ್ನು ನಡೆಯದ ಸೋಮಾರಿಯೆಂದು ಜರೆದ ಹಾಗೆ. ಕಾರಣಗಳ ಮಾತೂ ಇಂತಹುದೇ. ತಂಬಾಕು, ಮದ್ಯ, ಹೊಗೆಸೊಪ್ಪು ಬೆರೆಸಿದ ಎಲೆಯಡಿಕೆ ಇವು ಈ ರೋಗವನ್ನು ಕರೆತರುವುವೆಂಬುದು ನಿಶ್ಚಿತ; ತರಕಾರಿ ಹಣ್ಣುಗಳ ಅಭಾವವೂ ಇದಕ್ಕೆ ಒತ್ತಾಸೆಯಾಗಬಹುದು. 65 ಡಿಗ್ರಿಗೆ ಮೇಲ್ಪಟ್ಟ ಸುಡುವ ಪಾನೀಯಗಳೂ ಬಹುಶಃ ಕಾರಣವಾಗುವುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2016ರಲ್ಲಿ ನಿರ್ಣಯಿಸಿತು. ಇವೆಲ್ಲ ರೋಗವಿಲ್ಲದ ನಾವು ನಮ್ಮ ಬಾಳಿಗೆ ಅನ್ವಯಿಸಿಕೊಳ್ಳಬೇಕಾದ ತಿಳಿವಳಿಕೆ. ಹಾಸಿಗೆ ಹಿಡಿದಾಕೆಯ ಎದುರಿನಲ್ಲಿ ಆಕೆಯ ಎಲೆಯಡಿಕೆಯ ಚೀಲವನ್ನು ಎತ್ತಿ ಆಡುವವನು, ತಿಳಿವಳಿಕೆಯನ್ನು ಶಿಕ್ಷೆಯಾಗಿ ಬಳಸುತ್ತಾನೆ. ತಾಯಿಯ ಬಗ್ಗೆ ನಿಜವಾದ ಕಳಕಳಿಯಿರುವ ಮಗನು ಮೊದಲು ತನ್ನ ಜೇಬಿನ ಸಿಗರೇಟನ್ನು ಬಿಸಾಡಲಿ.

ತೂಕ ಇಳಿಯುತ್ತಿದ್ದುದನ್ನು ಕಂಡ ವೈದ್ಯರು ಮೂಗಿನಿಂದ ಜಠರಕ್ಕೆ ನಳಿಗೆಯನ್ನು ಇಳಿಸೋಣವೆಂದಾಗ ಮನೆಮಂದಿಯೆಲ್ಲ ಅತ್ತರು. ‘ಮೂಗಿಗೆ ಪೈಪು ಬಂತೆಂದರೆ ಮುಗಿಯಿತು’ ಎಂಬುದು ಬೀದಿಯ ತೀರ್ಪು. ಈ ತೀರ್ಪಿನಷ್ಟು ಅನ್ಯಾಯವಾದುದು ಬೇರೊಂದಿಲ್ಲ. ಜಾನ್ ರೈಲ್ ಎಂಬ ಆಂಗ್ಲ ವೈದ್ಯರ ಹೆಸರನ್ನು ಹೊತ್ತ ಆ ಸಪೂರವಾದ ನಳಿಗೆ, ಬಾಯನ್ನು ಅದರ ಅಸಾಧ್ಯವಾದ ಕರ್ತವ್ಯದಿಂದ ಬಿಡುಗಡೆ ಮಾಡಿತು. ಅದಕ್ಕಿಂತ ಹೆಚ್ಚಾಗಿ, ಅತ್ತೆ ಸೊಸೆಯರ ನಡುವಣ ಯುದ್ಧವನ್ನು ನಿಲ್ಲಿಸಿತು.

ನರ್ಸಮ್ಮ ಕಲಿಸಿಕೊಟ್ಟ ವಿಧಾನವನ್ನು ಆ ಮನೆಯಲ್ಲಿ ನಾನು ನೋಡಿದ್ದೇನೆ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು; ಮೊಳಕೆಯೊಡೆದಾಗ ಪಿಷ್ಟವು ಒಡೆಯುವುದರಿಂದ ಗಂಜಿ ತೆಳ್ಳಗಾಗುತ್ತದೆಂದೂ, ಆದುದರಿಂದ ಅಷ್ಟೇ ನೀರಿನಲ್ಲಿ ಹೆಚ್ಚು ಹಿಟ್ಟನ್ನು ಅಡಗಿಸಬಹುದೆಂದೂ ಸೊಸೆ ನನಗೆ ವಿವರಿಸಿದಳು. ಹಾಲು ಬೆರೆಸಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ, ಮಣಿಕಟ್ಟಿನ ಒಳಮೈಗೆ ಒಂದು ತೊಟ್ಟು ಬಿಟ್ಟು ಬಿಸಿ ನೋಡುವುದು. ಅತ್ತೆಯನ್ನು ದಿಂಬುಗಳಿಗೆ ಒರಗಿಸಿ ಎತ್ತರವಾಗಿ ಕೂರಿಸುವುದು. ಮೂಗಿನ ಬಳಿಯಿರುವ ನಳಿಗೆಯ ಗುರುತು ಸರಿದಿಲ್ಲವೆಂದು ನೋಡಿಕೊಳ್ಳುವುದು. ದಬ್ಬುವ ಕೋಲನ್ನು ತೆಗೆದ ದೊಡ್ಡ ಸಿರಿಂಜನ್ನು ನಳಿಗೆಗೆ ಸಿಕ್ಕಿಸಿ, ಗಂಜಿ ಸುರಿದು, ತನ್ನ ಭಾರದಿಂದಲೇ ಇಳಿಯುವಂತೆ ಎತ್ತಿ ಹಿಡಿಯುವುದು. ಕೆಮ್ಮು ಬಂದರೆ ಒಡನೆ ನಿಲ್ಲಿಸುವುದು. ಕಡೆಗೆ ನೀರು ಹಾಯಿಸಿ ನಳಿಗೆಯನ್ನು ಶುದ್ಧಮಾಡಿ, ಅರ್ಧ ಗಂಟೆಗೆ ಕಡಮೆಯಿಲ್ಲದೆ ಮಲಗಗೊಡದಿರುವುದು. ಮಗನು ಇದನ್ನು ಕಲಿತ ಆರಂಭದಲ್ಲಿ ಕೈ ಮೇಲೆತ್ತಿ ಬೇಗ ಇಳಿಸಲು ನೋಡುವನು, ತಾಯಿಗೆ ಓಕರಿಕೆ ಬರುವುದು, ಕೈಯನ್ನು ತಗ್ಗಿಸುವನು. ಹುಟ್ಟಿದಂದಿನಿಂದ ತಾಯಿಯಿಂದ ಉಣಿಸಿಕೊಂಡವನು, ತಾನು ಉಣಿಸುವಾಗ ಆಕೆಯ ವೇಗಕ್ಕೆ ತನ್ನ ತೋಳನ್ನು ಹೊಂದಿಸಿಕೊಳ್ಳುವುದನ್ನು ಕಲಿಯುವುದಕ್ಕೆ ಕಾಲ ಹಿಡಿಯಿತು, ಆದರೆ ಕಲಿತನು. ಇದನ್ನು ವಿಸ್ತರಿಸಿ ಹೇಳುವುದಕ್ಕೆ ಕಾರಣವುಂಟು: ನಮ್ಮ ಮನೆಗಳಲ್ಲಿ ಶುಶ್ರೂಷೆಯೆಂದರೆ ಸೊಸೆಯ ಹೆಗಲು, ಮಗನದೇನಿದ್ದರೂ ಆಸ್ಪತ್ರೆಯ ಬಿಲ್ಲು ಎಂಬ ವಿಭಾಗವು ಬೇರೂರಿದೆ. ಒಬ್ಬಳೇ ಹೊತ್ತ ಹೆಗಲು ಎರಡು ತಿಂಗಳಲ್ಲಿ ಕುಸಿಯುತ್ತದೆ. ಆಗ ಅವಳಿಗೂ ಪಾಪ, ರೋಗಿಗೂ ಪಾಪ. ರಾತ್ರಿಯ ಪಾಳಿಯನ್ನು ಗಂಡಸರು ವಹಿಸಿಕೊಳ್ಳಲಿ, ವಾರಕ್ಕೊಂದು ಸಂಜೆಯಾದರೂ ಅವಳು ಹಲಸೂರು ಕೆರೆಯ ಕಡೆಗೋ ಸೋಮೇಶ್ವರನ ಗುಡಿಗೋ ಹೋಗಿಬರಲಿ.

ನಳಿಗೆ ಬಂದ ಮೇಲೆ ಮನೆಯವರಿಗೆ ಇನ್ನೊಂದು ಸಂಕಟ ಹುಟ್ಟಿತು. ಹಿರಿಯಾಕೆ ಉಣ್ಣಲಾರದಿರುವಾಗ ತಾವು ಉಣ್ಣುವುದು ಪಾಪವೆನಿಸಿ, ಬಾಗಿಲು ಹಾಕಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕಳ್ಳರಂತೆ ತಿನ್ನತೊಡಗಿದರು, ಮೀನಿನ ಸಾರನ್ನು ಬಿಟ್ಟರು, ಒಗ್ಗರಣೆಯನ್ನೂ ಬಿಟ್ಟರು. ಕಡೆಗೆ ಆಕೆಯೇ ಒಂದು ದಿನ ಹೇಳಿದರು: “ಎಲ್ಲ ಇಲ್ಲೇ ಬಂದು ಕೂತು ಉಣ್ರೋ. ಮನೇಲಿ ಸಾವಾದಂಗೆ ಇರಬೇಡಿ.” ಅಂದಿನಿಂದ ರಾತ್ರಿಯೂಟ ಆಕೆಯ ಮಂಚದ ಸುತ್ತ ನಡೆಯಿತು; ಮಿಕ್ಕವರು ಮುದ್ದೆ ಮುರಿಯುವ ಹೊತ್ತಿಗೆ ಸರಿಯಾಗಿ ಮಗನು ಗಂಜಿಯ ಸಿರಿಂಜನ್ನೆತ್ತುವನು. ಬೇರೊಬ್ಬ ರೋಗಿಗೆ ಊಟದ ವಾಸನೆಯೇ ಸಹಿಸಲಶಕ್ಯವಾದೀತು. ಆದುದರಿಂದ ಊಹಿಸದೆ ಕೇಳತಕ್ಕದ್ದು. ದಂಡಿನ ಹಳಬರಿಗೆ ಪರಿಚಿತನಾದ ಹಾಲಿವುಡ್ಡಿನ ನಟ ಹಂಫ್ರಿ ಬೋಗಾರ್ಟನು ಇದೇ ರೋಗದಿಂದ 1957ರ ಜನವರಿ 14ರಂದು ತೀರಿಕೊಂಡನು. ಮೆಟ್ಟಿಲಿಳಿಯಲಾರದಷ್ಟು ಕೃಶನಾದ ಮೇಲೆ, ಮನೆಯೊಳಗೆ ಪಾತ್ರೆಪದಾರ್ಥಗಳನ್ನು ಇಳಿಸುವ ಪುಟ್ಟ ಲಿಫ್ಟನ್ನೇ ಅವನಿಗಾಗಿ ಮಾರ್ಪಡಿಸಲಾಯಿತು. ಅದರಲ್ಲಿ ಕೆಳಗಿಳಿದು ಅವನು ಸ್ನೇಹಿತರೊಡನೆ ಕೂರುತ್ತಿದ್ದನು. ರೋಗಿಯನ್ನು ಕೋಣೆಯಲ್ಲಿ ಬಚ್ಚಿಡದೆ ಸಂಸಾರದ ನಡುವೆ ಕೂರಿಸುವುದಕ್ಕೆ ಸಿರಿವಂತಿಕೆ ಬೇಡ; ಮರ್ಫಿ ಟೌನಿನ ಮಂಚವೊಂದು ಸಾಕು.

ಇನ್ನು ಕೆಲವು ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೀಮೋ ನಡೆಯುವಾಗ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು. ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೂ, ರಕ್ತ ವಾಂತಿಯಾದರೂ, ಮಲ ಕರ್ರಗಾದರೂ ಹಾಗೆಯೇ. ವಿಕಿರಣಕ್ಕೆಂದು ಮೈಮೇಲೆ ಎಳೆದ ಶಾಯಿಯ ಗೆರೆಗಳನ್ನು ಉಜ್ಜಬಾರದು. ಮಾತ್ರೆಗಳನ್ನು ಪುಡಿಮಾಡಿ ನಳಿಗೆಗೆ ಹಾಕುವ ಮೊದಲು ಕೇಳಬೇಕು, ಏಕೆಂದರೆ ಕೆಲವನ್ನು ಪುಡಿಮಾಡಕೂಡದು. ತೂಕ, ಔಷಧಿ, ವಾಂತಿ ಇವನ್ನು ಒಂದೇ ನೋಟುಬುಕ್ಕಿನಲ್ಲಿ ಒಬ್ಬರೇ ಬರೆಯಬೇಕು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು; ಒಡವೆಯನ್ನು ಅಡವಿಡುವುದಕ್ಕೆ ಮೊದಲು ಆ ಕಾಗದಪತ್ರಗಳನ್ನು ವಿಚಾರಿಸಿರಿ. ನಾಟಿ ಔಷಧಿ, ಮಂತ್ರಿಸಿದ ನೀರು ಹೊತ್ತು ಬರುವ ನೆರೆಯವರಲ್ಲಿ ಕೆಟ್ಟ ಬುದ್ಧಿಯಿಲ್ಲ. “ಡಾಕ್ಟರನ್ನ ಕೇಳಿ ಕೊಡ್ತೀವಿ ಅಕ್ಕ” ಎಂದು ಸೌಮ್ಯವಾಗಿ ಹೇಳಿದರೆ ಯಾರ ಮನಸ್ಸೂ ಮುರಿಯುವುದಿಲ್ಲ.

ಗುಣವಾಗುವ ಹಂತವನ್ನು ರೋಗವು ಮೀರಿದ್ದರೂ ಮಾಡಬೇಕಾದುದು ಬಹಳವಿರುತ್ತದೆ. ಮುಚ್ಚಿದ ದಾರಿಯನ್ನು ಸ್ಟೆಂಟಿನಿಂದ ತೆರೆದಿಡಬಹುದು. ನೋವನ್ನು ಔಷಧಿಯಿಂದ ಅಂಕೆಯಲ್ಲಿಡಬಹುದು. 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನವರು ನಗರದ ಪೂರ್ವಭಾಗದಲ್ಲಿ ನಡೆಸುತ್ತಿರುವ ಕರುಣಾಶ್ರಯದಲ್ಲಿ ಇಂಥವರ ಆರೈಕೆ ಹಣವಿಲ್ಲದೆ ನಡೆಯುತ್ತದೆ. ಮನೆಗೂ ಬಂದು ನೋಡುತ್ತಾರೆ. ಅಲ್ಲಿಗೆ ಕರೆದೊಯ್ದರೆ ಕೈಬಿಟ್ಟಂತಾಗುವುದೆಂದು ಹಿಂಜರಿಯುವವರಿಗೆ ನಾನು ಹೇಳುವುದಿಷ್ಟೆ: ನೋವಿನಿಂದ ನಿದ್ರೆಯಿಲ್ಲದವರಿಗೆ ನಿದ್ರೆ ಕೊಡಿಸುವುದು ಕೈಬಿಡುವುದಲ್ಲ, ಕೈಹಿಡಿಯುವುದೇ.

ಆ ಮನೆಯ ಹಿರಿಯಾಕೆಗೆ ವಿಕಿರಣ ಮುಗಿದು, ನಳಿಗೆ ತೆಗೆದು, ಸಾರಿನಲ್ಲಿ ನೆನೆಸಿದ ಇಡ್ಲಿ ಇಳಿಯುವಂತಾದಾಗ ಮಗನಿಗೆ ಹೋಳಿಗೆ ಮಾಡಿಸುವ ಆತುರ; ಸೊಸೆ ತಡೆದಳು. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಸಲ, ಅಗಿದು ಅಗಿದು ಎಂಬುದೇ ಆಗ ನಿಯಮ. ಕೆಲವು ತಿಂಗಳ ಮೇಲೆ ತುತ್ತು ಮತ್ತೆ ನಿಲ್ಲತೊಡಗಿತು. ರೋಗ ಮರುಕಳಿಸಿದಾಗ ಹೀಗಾಗುವುದುಂಟು. ವಿಕಿರಣದಿಂದ ಬೆಂದ ಜಾಗ ಮಾಯುವಾಗ ಕಲೆಗಟ್ಟಿ ಸಂಕೋಚಗೊಂಡರೂ ಹೀಗಾಗುತ್ತದೆ. ಎರಡರಲ್ಲಿ ಯಾವುದೆಂಬುದನ್ನು ಎಂಡೋಸ್ಕೋಪಿಯಿಂದಲೇ ತಿಳಿಯಬೇಕು. ಮೊದಲ ಸಲ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಆಕೆ, ಈ ಸಲ ಅಂದೇ ರಾತ್ರಿ ಊಟದ ನಡುವೆ ಸೊಸೆಯನ್ನು ಕರೆದು, “ಮತ್ತೆ ಸಿಕ್ಕಿಕೊಂಡಂಗೆ ಆಗ್ತಾ ಇದೆ ಕಣಮ್ಮ” ಎಂದರು. ಯಾರೂ ಇನ್ನೊಂದು ತುತ್ತಿಗೆ ಬಲವಂತ ಮಾಡಲಿಲ್ಲ. ಪರೀಕ್ಷೆಯಲ್ಲಿ ಕಂಡದ್ದು ಕಲೆಯೇ. ಬಲೂನಿನಿಂದ ದಾರಿಯನ್ನು ಅಗಲಿಸಿ ಕಳುಹಿಸಿದರು, ಮತ್ತೆ ಬೇಕಾದರೆ ಮತ್ತೆ ಬರಬೇಕೆಂದರು. ಆ ಮಾತನ್ನು ಮಗನು ನೋಟುಬುಕ್ಕಿನಲ್ಲಿ ಬರೆದುಕೊಂಡನು.