ದಣಿದವಳಿಗೆ ತಾಳ್ಮೆಯ ಉಪದೇಶ ಸಾಲುವದೋ?

ತಾಯಿಯಾದವಳು ತನ್ನ ದೇಹಕ್ಕೂ ಮನಸ್ಸಿಗೂ ಬೇಕಾದದ್ದನ್ನು ಕೇಳಿಕೊಳ್ಳುವದು ಸ್ವಾರ್ಥವೋ ಎಂಬದನ್ನು ನಾವು ಬಹುಕಾಲ ಒಂದು ಪ್ರಶ್ನೆಯೆಂದೇ ಎಣಿಸಿರಲಿಲ್ಲ. ಉತ್ತರವು ನಮಗೆ ಗೊತ್ತಿದೆಯೆಂದು ತಿಳಿದಿದ್ದೆವು. ಕುರ್ಡಿಯಲ್ಲಿ ನಡೆದ ಒಂದು ಸಂಗತಿಯು ನಮ್ಮನ್ನು ನಾಚಿಸಿತು.

ಅದು ಹತ್ತಿ ಬಿಡಿಸುವ ಕಾಲ. ಸಂಜೆಯ ಪ್ರಾರ್ಥನೆ ತೀರಿದ ಮೇಲೆ ಮೂರು ಮಕ್ಕಳ ತಾಯಿಯೊಬ್ಬಳು ಹಿಂದೆ ನಿಂತು, "ಅಯ್ಯನವರೇ, ಮೈಯೆಲ್ಲಾ ಸೋತಿದೆ, ಆದರೂ ನಿದ್ದೆ ಬಾರದು. ಕೂಸು ಅತ್ತರೆ ಸಿಟ್ಟು ಬರುತ್ತದೆ, ಹೊಡೆಯುತ್ತೇನೆ, ಆಮೇಲೆ ನಾನೇ ಅಳುತ್ತೇನೆ" ಅಂದಳು. ನಾವು ತಾಳ್ಮೆಯ ವಿಷಯವಾಗಿ ನಾಲ್ಕು ಮಾತು ಹೇಳಿ, ಪ್ರಾರ್ಥಿಸಿ, ಕಳುಹಿಸಿಬಿಟ್ಟೆವು. ಬಾಗಲ ಬಳಿಯಲ್ಲಿ ಕೂತಿದ್ದ ಮುದುಕಿಯೊಬ್ಬಳು, "ಆಕೆ ಉಂಡಳೋ ಎಂದು ಕೇಳಿದಿರೋ?" ಅಂದಳು. ನಾವು ಕೇಳಿರಲಿಲ್ಲ.

ಪ್ರವಾದಿಯಾದ ಎಲೀಯನು ಸಾಯಬೇಕೆಂದು ಬೇಡಿ ಅಡವಿಯಲ್ಲಿ ಮಲಗಿದಾಗ ದೂತನು ಮೊದಲು ಬೋಧಿಸಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಎಲೀಯನು ಮತ್ತೆ ಮಲಗಿದನು. ದೂತನು ಇನ್ನೊಮ್ಮೆ ಎಬ್ಬಿಸಿ ಉಣ್ಣಹೇಳಿದನು. ಈ ಅಧ್ಯಾಯದ ಮೇಲೆ ನಾವು ಸೆಮಿನರಿಯಲ್ಲಿ ಪರೀಕ್ಷೆ ಬರೆದವರು!

ನಮ್ಮ ಹಳ್ಳಿಗಳಲ್ಲಿ ಹೆಂಗಸು ಕೋಳಿ ಕೂಗುವಾಗ ಎದ್ದು ಜೋಳದ ರೊಟ್ಟಿ ಬಡಿದು, ನೀರು ತಂದು, ಬುತ್ತಿ ಕಟ್ಟಿ ಕೂಲಿಗೆ ಹೋಗುತ್ತಾಳೆ. ಸಂಜೆ ಗಂಡಸು ಕಟ್ಟೆಯ ಮೇಲೆ ಕೂಡ್ರುವ ಹೊತ್ತಿಗೆ ಆಕೆ ಒಲೆಯ ಮುಂದೆ ಕೂಡ್ರುತ್ತಾಳೆ. ಭಾರತ ಸರಕಾರವು 2024ರಲ್ಲಿ ನಡಿಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನೂ, ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷಗಳನ್ನೂ ಅದಕ್ಕೆ ಕಳೆಯುವರೆಂದು ಕಂಡುಬಂತು. ಕೂಸನ್ನು ನೋಡಿಕೊಳ್ಳುವ ಹೊತ್ತು ಈ ಲೆಕ್ಕದಲ್ಲಿ ಸೇರಿಲ್ಲ. ಇಂಥವಳು ತೀರಿಹೋದಾಗ, ಆಕೆ ಒಂದು ದಿನವಾದರೂ ಸುಮ್ಮನೆ ಕೂತವಳಲ್ಲವೆಂದು ನಾವು ಸಮಾಧಿಯ ಬಳಿ ಹೊಗಳುತ್ತೇವೆ. ಆಕೆಯ ರೊಟ್ಟಿಯನ್ನು ಬಿಸಿಯಾಗಿ ತಿಂದವರ ಬಾಯಿಂದ ಬರುವ ಈ ಹೊಗಳಿಕೆಯು ಶುದ್ಧವಾದದ್ದೋ?

ಒಬ್ಬೊಬ್ಬಳೂ ತನ್ನ ಸುಖವನ್ನೇ ನೋಡಿಕೊಂಡರೆ ಮನೆ ನಿಂತೀತೋ ಎಂದು ಸಭೆಯ ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಮಾತಿನಲ್ಲಿ ಹುರುಳುಂಟು. ಕೂಸು ಹಸಿದು ಅಳುವಾಗ ತಾಯಿ ಏಳಲೇಬೇಕು. ಆ ಕರ್ತವ್ಯವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಆ ಹಿರಿಯರೇ ಮಧ್ಯಾಹ್ನ ನೊಗ ಇಳಿಸಿ ಎತ್ತುಗಳನ್ನು ನೆರಳಿಗೆ ಕಟ್ಟುತ್ತಾರೆ. ಎತ್ತು ಸ್ವಾರ್ಥಿಯೆಂದು ಅವರು ಎಂದೂ ಅಂದದ್ದಿಲ್ಲ. (ಈ ಹೋಲಿಕೆಯನ್ನು ಸಹೋದರಿಯರು ಕ್ಷಮಿಸಬೇಕು.) ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕಾದರೆ, ತನ್ನನ್ನು ದ್ವೇಷಿಸುವವಳು ಯಾವ ಅಳತೆಯಿಂದ ಪ್ರೀತಿಸಬೇಕು?

ಎಲ್ಲಾ ದಣಿವೂ ರೋಗವಲ್ಲ. ಎಷ್ಟೋ ದಣಿವು ಒಂದು ರಾತ್ರಿಯ ನಿದ್ದೆಯಿಂದ ತೀರುತ್ತದೆ. ಆದರೆ ನಿದ್ದೆಗೇಡೂ ಅಳುವೂ ಯಾವದರಲ್ಲಿಯೂ ಮನಸ್ಸಿಲ್ಲದಿರುವದೂ ಎರಡು ವಾರ ಮೀರಿದರೆ, ಅದು ಜ್ವರದಂತೆ ಚಿಕಿತ್ಸೆಗೆ ತಕ್ಕ ರೋಗವಾಗಿರಬಹುದು. ಅದನ್ನು ನಂಬಿಕೆಯ ಕೊರತೆಯೆಂದು ಕರೆಯಬಾರದು. ಮಾತಿನಿಂದಲೇ ಮಾಡುವ ಚಿಕಿತ್ಸೆಯೂ ಉಂಟು. ಪಾಕಿಸ್ತಾನದ ರಾವಲ್ಪಿಂಡಿ ಸೀಮೆಯ ಹಳ್ಳಿಗಳಲ್ಲಿ ಮನಸ್ಸು ಕುಗ್ಗಿದ ಗರ್ಭಿಣಿಯರ ಮನೆಗಳಿಗೆ ಊರಿನ ಆರೋಗ್ಯ ಸೇವಕಿಯರೇ ಹೋಗಿ, ಕಲಿತ ಕ್ರಮದಿಂದ ಮಾತಾಡಿದರು. ಬೇರೆ ಹಳ್ಳಿಗಳಲ್ಲಿ ಈ ಕ್ರಮವನ್ನು ಕಲಿಯದ ಸೇವಕಿಯರು ಅಷ್ಟೇ ಸಾರಿ ಮನೆಗಳಿಗೆ ಹೋದರು. 2008ರಲ್ಲಿ ಪ್ರಕಟವಾದ ಲೆಕ್ಕದಂತೆ, ಹೆರಿಗೆಯಾಗಿ ಆರು ತಿಂಗಳಾದ ಮೇಲೆ ಮೊದಲಿನವರಲ್ಲಿ ನೂರಕ್ಕೆ 23 ಮಂದಿಗೆ, ಎರಡನೆಯವರಲ್ಲಿ 53 ಮಂದಿಗೆ ರೋಗವು ಉಳಿದಿತ್ತು. ಭೇಟಿಗಳು ಸಮ, ಕೇಳುವ ರೀತಿ ಬೇರೆ. ಮನೆಮನೆಗೆ ಹೋಗಿ ಉಪದೇಶಿಸಿ ಬರುವ ನಮ್ಮಂಥವರಿಗೆ ಈ ಲೆಕ್ಕವು ಚುಚ್ಚಿತು.

ಆಮೇಲೆ ನಾವು ಆ ಸಹೋದರಿಯ ಮನೆಗೆ ಹೋದೆವು. ಈ ಸಾರಿ ಕೇಳಿದೆವು, ಹೆಚ್ಚು ಮಾತಾಡಲಿಲ್ಲ. 2022ರ ಅಕ್ಟೋಬರದಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಗೆ, ಅಂದರೆ 14416ಕ್ಕೆ, ಆಕೆಯೇ ಕರೆ ಮಾಡಿ ಕನ್ನಡದಲ್ಲಿ ಮಾತಾಡಿದಳು. ಅವರು ವೈದ್ಯರನ್ನು ಕಾಣಹೇಳಿದರು. ಆದರೆ ವೈದ್ಯರ ಬಳಿಯಿಂದ ಅದೇ ಹೊರೆಗೆ ತಿರುಗಿ ಬಂದರೆ ಔಷಧವು ಎಷ್ಟು ದಿನ ತಡೆದೀತು? ಇದನ್ನು ಗಂಡನ ಮುಂದೆ ಹೇಳಿದಾಗ ಅವನು ಬಹಳ ಹೊತ್ತು ನೆಲ ನೋಡುತ್ತಾ ಕೂತನು.

ಈಗ ಆಕೆ ತಿಂಗಳಿಗೊಮ್ಮೆ ರಾಯಚೂರಿನ ಆಸ್ಪತ್ರೆಗೆ ಹೋಗುತ್ತಾಳೆ. 2023ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿನ ಹಣವಿಲ್ಲ. ಒಂದು ದಿನದ ಕೂಲಿ ಮಾತ್ರ ತಪ್ಪುತ್ತದೆ. ಅಂದು ನೀರು ತರುವದು ಗಂಡನ ಪಾಲು, ರೊಟ್ಟಿ ಅತ್ತೆಯ ಪಾಲು. ಹಿರಿಯ ಮಗನೂ ರೊಟ್ಟಿ ಬಡಿಯಲು ಕೂತಿದ್ದಾನೆ. ಅವನ ರೊಟ್ಟಿ ಇನ್ನೂ ದುಂಡಗಾಗಿಲ್ಲವೆಂದು ಮುದುಕಿ ನಗುತ್ತಾಳೆ.