ಅಕ್ಕನ ಲೆಕ್ಕ

2023ರ ಆಗಸ್ಟ್. ತಿಪಟೂರು ಕಡೆಯ ಗೆಳೆಯ ಮಗಳನ್ನು ಕರೆದುಕೊಂಡು ಮನೆಗೆ ಬಂದ. ನಾನು ಬ್ಯಾಂಕಿನಲ್ಲಿ ಸಾಲದ ಫೈಲು ನೋಡಿಯೇ ನಿವೃತ್ತನಾದವನು. ಇಂಥವರು ಬರುತ್ತಲೇ ಇರುತ್ತಾರೆ.

ಹುಡುಗಿಗೆ ಸಿಇಟಿಯಲ್ಲಿ ಹಾಸನದ ಸರ್ಕಾರಿ ಕಾಲೇಜಿನ ಎಲೆಕ್ಟ್ರಾನಿಕ್ಸ್ ಸೀಟು ಬಂದಿತ್ತು. ಅವಳ ಆಸೆ ಇದ್ದದ್ದು ಕಂಪ್ಯೂಟರ್ ಸೈನ್ಸ್ ಮೇಲೆ. ಅದು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸಿಗುತ್ತಿತ್ತು, ವರ್ಷಕ್ಕೆ ಮೂರು ಲಕ್ಷಕ್ಕೆ. ಐವತ್ತು ಸಾವಿರ ಸ್ಕಾಲರ್‌ಶಿಪ್ ಕೊಡುತ್ತಾರಂತೆ ಎಂದ ಗೆಳೆಯ. ಕಾಗದ ತೆಗೆಸಿ ಓದಿದೆ. ಮೊದಲ ವರ್ಷಕ್ಕೆ ಮಾತ್ರ. ಆಷಾಢದಲ್ಲಿ ಸೀರೆ ಅಂಗಡಿಯವರು ಕೊಡುವುದೂ ಇದನ್ನೇ, ಆದರೆ ಅವರು ಅದನ್ನು ವಿದ್ಯಾರ್ಥಿವೇತನ ಎನ್ನುವುದಿಲ್ಲ.

ಹತ್ತು ಲಕ್ಷ ಸಾಲ ಬೇಕಿತ್ತು. ಏಳೂವರೆ ಲಕ್ಷದವರೆಗೆ ಬ್ಯಾಂಕು ಅಡಮಾನ ಕೇಳುವುದಿಲ್ಲ. ಅದರಾಚೆ ಗೆಳೆಯನ ತೆಂಗಿನ ತೋಟದ ಪತ್ರ ಇಡಬೇಕು. ಅಡಮಾನ ಇಟ್ಟು ಪಡೆದ ಸಾಲಕ್ಕೆ ಕೇಂದ್ರದ ಬಡ್ಡಿ ಸಹಾಯಧನವೂ ಇಲ್ಲ. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಅದರ ಹತ್ತಿರಕ್ಕೂ ಯಾರೂ ಕೂಗುತ್ತಿರಲಿಲ್ಲ.

ನಾನು ಹಾಳೆ ತೆಗೆದುಕೊಂಡು ಹುಡುಗಿಯ ಮುಂದೆಯೇ ಬರೆದೆ. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ಕಂತಿನಲ್ಲಿ ಸಾಲ ಬಿಡುಗಡೆ. ಓದು ಮುಗಿದ ಮೇಲೂ ಒಂದು ವರ್ಷ ಕಟ್ಟಬೇಕಾಗಿಲ್ಲ, ನಿಜ; ಆದರೆ ಬಡ್ಡಿಗೆ ರಜೆಯಿಲ್ಲ. ಶೇಕಡಾ 10ರಂತೆ ಸರಳ ಬಡ್ಡಿಯೇ ಮೂರೂವರೆ ಲಕ್ಷ. ಅದು ಅಸಲಿಗೆ ಸೇರಿ ಹದಿಮೂರೂವರೆ ಲಕ್ಷ. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 17,800. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಪಿ.ಜಿ. ಬಾಡಿಗೆ, ಊಟ ಕಳೆದರೆ ಏನು ಉಳಿಯುತ್ತದೆಂದು ಅವಳೇ ಮನಸ್ಸಿನಲ್ಲಿ ಕೂಡಿ ಕಳೆಯುತ್ತಿದ್ದಳು.

“ತೋಟ ಇರೋದೇ ಮಕ್ಕಳಿಗೆ ಕಣಯ್ಯಾ” ಎಂದ ಗೆಳೆಯ. ದನಿಯಲ್ಲಿ ಗಟ್ಟಿತನ ಇರಲಿಲ್ಲ. ಹುಡುಗಿಗೆ ಅದು ಕೇಳಿಸಿತು. “ಬೇಡ ಮಾವ, ಚಾಯ್ಸ್ ಒಂದು ಕೊಟ್ಟುಬಿಡ್ತೀನಿ” ಎಂದಳು. ಎಂದರೆ, ಸಿಕ್ಕ ಸೀಟೇ ಸಾಕು, ಮುಂದಿನ ಸುತ್ತಿಗೆ ಕಾಯುವುದಿಲ್ಲ. ಹಾಸನದ ಫೀಸು ವರ್ಷಕ್ಕೆ ಐವತ್ತು ಸಾವಿರದೊಳಗೆ. ಅವರಮ್ಮನ ಕೈಯಲ್ಲೇ ಅಷ್ಟಿತ್ತು.

ಎಷ್ಟು ತಿಳಿವಳಿಕೆಯ ಹುಡುಗಿ ಎಂದು ನಾನು ವರ್ಷವಿಡೀ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಸಾಲದ ದುಡ್ಡಿನಲ್ಲಿ ದೊಡ್ಡ ಹೆಸರಿನ ಕಾಲೇಜು ಹುಡುಕುವವರಿಗೆ ಅವಳ ಉದಾಹರಣೆ ಕೊಟ್ಟೆ. ಇವತ್ತಿಗೂ ಆ ಲೆಕ್ಕದಲ್ಲಿ ಒಂದು ರೂಪಾಯಿಯ ತಪ್ಪು ನನಗೆ ಕಾಣುವುದಿಲ್ಲ.

2025ರಲ್ಲಿ ಅವಳ ತಮ್ಮನ ಸರದಿ. ಅವನ ರ‍್ಯಾಂಕು ಅಕ್ಕನದಕ್ಕಿಂತ ತುಂಬ ಹಿಂದೆ. ಕೊಬ್ಬರಿ ಕ್ವಿಂಟಲಿಗೆ 20,000 ದಾಟಿತ್ತು, ಅದನ್ನೂ ಹೇಳಬೇಕು. ಆದರೆ ತೆಂಗಿನ ಬೆಲೆ ನಾಲ್ಕು ವರ್ಷ ಒಂದೇ ಕಡೆ ನಿಲ್ಲುವುದಿಲ್ಲವೆಂದು ಗೆಳೆಯನಿಗೆ ನಾನು ಕಲಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು, ಕಂಪ್ಯೂಟರ್ ಸೈನ್ಸ್, ಹತ್ತು ಲಕ್ಷ ಸಾಲ. ತೋಟದ ಪತ್ರ ಬ್ಯಾಂಕಿಗೆ ಹೋಯಿತು. ನನ್ನ ಬಳಿ ಯಾರೂ ಬರಲಿಲ್ಲ. ಸಿಹಿ ಕೊಡಲು ಬಂದಾಗಲೇ ನನಗೆ ತಿಳಿದದ್ದು. ಗಂಡು ಹುಡುಗ, ನಾಳೆ ಮನೆ ನೋಡಿಕೊಳ್ಳಬೇಕಾದವನು ಎಂದರು. ನಾನು ಪೇಡ ತಿಂದೆ, ಹಾಳೆ ತೆಗೆಯಲಿಲ್ಲ.

ಆ ವಾರ ಹುಡುಗಿ ಹಾಸನದಿಂದ ಫೋನ್ ಮಾಡಿದಳು. ಅದೂ ಇದೂ ಮಾತಾಡಿ, “ಮಾವ, ಅವನಿಗೂ ಬಡ್ಡಿ ಬರೆದು ತೋರಿಸಿದ್ರಾ?” ಎಂದಳು.

ಇಲ್ಲಮ್ಮ ಎಂದೆ.

ತ್ಯಾಗವನ್ನು ಜಾಣತನವೆಂದು ಹೊಗಳುವುದು ಸುಲಭ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ. ತನ್ನ ಓದಿಗೆ ಬೆಲೆ ಕಟ್ಟಿಕೊಳ್ಳಬೇಕಾದ್ದು ಆ ಮನೆಯಲ್ಲಿ ಅವಳೊಬ್ಬಳೇ ಎಂದಾಯಿತು. ಪೆನ್ನು ಹಿಡಿದು ಕೂತವನು ನಾನು. ತಮ್ಮನ ಮುಂದೆಯೂ ಅದೇ ಹಾಳೆ ಇಟ್ಟು ಅವನೇ ಆರಿಸಿಕೊಂಡಿದ್ದರೆ ನನಗೆ ಆಕ್ಷೇಪವಿರುತ್ತಿರಲಿಲ್ಲ.

ಅವನ ಸಾಲದ ಮೊದಲ ಕಂತು ಕಟ್ಟಬೇಕಾದದ್ದು 2030ರಲ್ಲಿ. ಅಷ್ಟರಲ್ಲಿ ಅಕ್ಕ ಕೆಲಸಕ್ಕೆ ಸೇರಿ ಮೂರು ವರ್ಷವಾಗಿರುತ್ತದೆ, ಒಂದಷ್ಟು ದಿನ ಅವಳೇ ಕಟ್ಟಲಿ ಎಂದು ಮನೆಯಲ್ಲಿ ಮಾತಾಗಿದೆಯಂತೆ.