ನೂರರಲ್ಲಿ ಎಷ್ಟನೆಯವಳು?

ಒಬ್ಬರ ಮೈ ನೋಡಿ ಅವರ ನಾಳೆಯನ್ನು ಹೇಳುವುದು ನಮ್ಮ ಕಡೆ ಹೊಸದೇನಲ್ಲ. ಮೇಗುಂದದ ಮದುವೆಮನೆಗಳಲ್ಲಿ ಊಟದ ಪಂಕ್ತಿ ಏಳುವುದರೊಳಗೆ ಅದು ಮುಗಿದಿರುತ್ತದೆ. “ಎಂಥ ಮಾರಾಯ್ತಿ, ಹೀಗೆ ಇಳಿದು ಹೋಗಿದ್ದೀ, ಹುಷಾರಿಲ್ವಾ?” ಎಂದು ಒಬ್ಬರು. “ಊದಿಕೊಂಡಿದ್ದೀಯಲ್ಲೇ, ಸಕ್ಕರೆ ಕಾಯಿಲೆ ಇದೆಯಾ ನೋಡಿಸ್ಕೊ” ಎಂದು ಇನ್ನೊಬ್ಬರು. ಈ ಎರಡೂ ಮಾತನ್ನು ಒಂದೇ ವಾರದಲ್ಲಿ ಕೇಳಿಸಿಕೊಂಡವಳು ನಾನು. ಹಿಂದೆ ಇಂಥದ್ದನ್ನು ಬಾಯಿಚಪಲವೆಂದು ಬಿಟ್ಟುಬಿಡಬಹುದಿತ್ತು. ಈಗ ಆ ಮಾತಿಗೆ ಅಂಕಿಯ ಬಲ ಬಂದಿದೆ. ತೂಕದ ಮೆಷಿನ್ನು ಹತ್ತಿ ಇಳಿದರೆ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆಯ ಹಿಂದೆ ಹೃದ್ರೋಗ, ಸಕ್ಕರೆ, ರಕ್ತದೊತ್ತಡ ಎಲ್ಲವೂ ಸಾಲುಗಟ್ಟಿ ನಿಂತಿರುತ್ತವೆ. ಹಾಗಾದರೆ, ಇನ್ನೂ ಬಾರದ ಕಾಯಿಲೆಯನ್ನು ಒಬ್ಬಳ ಹೆಸರಿಗೆ ಬರೆಯುವುದು ಎಷ್ಟರ ಮಟ್ಟಿಗೆ ಸರಿ? ಬರೆದ ಮೇಲೆ ಅದಕ್ಕೆ ಅವಳನ್ನೇ ಹೊಣೆ ಮಾಡುವುದು?

ಲೆಕ್ಕವೇನೋ ಸುಲಭದ್ದು. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ನನ್ನ ಎತ್ತರ 150 ಸೆಂಟಿಮೀಟರ್, ತೂಕ 54 ಕಿಲೋ. ಒಂದೂವರೆಯ ವರ್ಗ 2.25, ಅದರಿಂದ 54ನ್ನು ಭಾಗಿಸಿದರೆ 24. ಇದೇ ನನ್ನ ಬಿ.ಎಂ.ಐ. ಗಡಿ 25 ಎಂದು ಇಟ್ಟುಕೊಂಡರೆ ನಾನು ಸರಿಯಾದ ತೂಕದವಳು. ಆದರೆ ಏಷ್ಯಾದವರಿಗೆ 23ರಿಂದಲೇ ಅಪಾಯ ಏರತೊಡಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. 2009ರಲ್ಲಿ ನಮ್ಮ ದೇಶದ ವೈದ್ಯರೂ 23ನ್ನೇ ಗಡಿಯಾಗಿ ಒಪ್ಪಿದರು. ಆ ಪ್ರಕಾರ ನಾನು ದಪ್ಪ. ನನ್ನ ಸೀರೆ, ರವಿಕೆ, ಬಳೆ ಯಾವುದೂ ಬದಲಾಗಿಲ್ಲ, ಬೇಲಿ ಮಾತ್ರ ಸರಿದಿದೆ. ಅಮೆರಿಕದಲ್ಲಿ 1998ರಲ್ಲಿ ಹೀಗೆಯೇ ಗಡಿಯನ್ನು 27ರ ಆಚೆಯಿಂದ 25ಕ್ಕೆ ಇಳಿಸಿದಾಗ ಕೋಟಿಗಟ್ಟಲೆ ಜನ ರಾತ್ರಿ ಮಲಗಿ ಬೆಳಿಗ್ಗೆ ಏಳುವುದರೊಳಗೆ ‘ಅಧಿಕ ತೂಕ’ದವರಾದರು. ಬೇಲಿ ಸರಿಸಿದ್ದರಲ್ಲಿ ಮೋಸವಿದೆ ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಅವರದೇ ಕಾರಣಗಳಿದ್ದವು. ಆದರೆ ಬೇಲಿ ಹಾಕಿದವರು ಮನುಷ್ಯರು ಎಂಬುದನ್ನು ತೂಕದ ಮೆಷಿನ್ನಿನ ಮೇಲೆ ನಿಂತವಳಿಗೆ ಯಾರೂ ಹೇಳುವುದಿಲ್ಲ.

ಈ ಲೆಕ್ಕವನ್ನು ಮೊದಲು ಹಾಕಿದವನು ವೈದ್ಯನೂ ಅಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ ಎಂಬ ಖಗೋಳ ಶಾಸ್ತ್ರಜ್ಞ, 1830ರ ದಶಕದವನು. ನಕ್ಷತ್ರಗಳನ್ನು ಅಳೆಯುವ ಗಣಿತವನ್ನು ಮನುಷ್ಯರಿಗೆ ಹಚ್ಚಿ, ಸ್ಕಾಟ್‌ಲ್ಯಾಂಡಿನ ಸಾವಿರಾರು ಸೈನಿಕರ ಎದೆಯ ಸುತ್ತಳತೆಯ ಅಂಕಿಗಳನ್ನೆಲ್ಲ ಹರಡಿಕೊಂಡು ‘ಸರಾಸರಿ ಮನುಷ್ಯ’ನನ್ನು ಹುಡುಕಿದವನು. ಬಿ.ಎಂ.ಐ. ಎಂಬ ಹೆಸರು ಬಂದದ್ದು 1972ರಲ್ಲಿ. ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಅಳೆದು, ಇರುವ ಸರಳ ಲೆಕ್ಕಗಳಲ್ಲಿ ಇದೇ ವಾಸಿ ಎಂದರು. ಆ ಏಳು ಸಾವಿರದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ! ಹೆತ್ತ ಹೊಟ್ಟೆ, ಮುಟ್ಟು ನಿಂತ ಮೈ, ಬಾಣಂತನದ ತುಪ್ಪ ಇವೆಲ್ಲ ಆ ಲೆಕ್ಕದ ಹೊರಗೇ ಉಳಿದವು.

ಇಷ್ಟು ಓದಿಕೊಳ್ಳುವ ಹಟ ನನಗೆ ಬಂದದ್ದು ಇಬ್ಬರು ಹೆಂಗಸರಿಂದ.

ಒಬ್ಬಳು ನನ್ನ ನಾದಿನಿ. ಐವತ್ತೆರಡರ ವಯಸ್ಸು, 47 ಕಿಲೋ ತೂಕ. ತೋಟದಿಂದ ಮನೆಗೆ, ಮನೆಯಿಂದ ಕೊಟ್ಟಿಗೆಗೆ ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಾಳೋ ಲೆಕ್ಕವಿಲ್ಲ. ನೆಂಟರಿಷ್ಟರೆಲ್ಲ “ಮೈ ಇಟ್ಟುಕೊಂಡರೆ ಹೀಗೆ ಇಟ್ಟುಕೊಳ್ಳಬೇಕು” ಎಂದು ಅವಳನ್ನು ತೋರಿಸುತ್ತಿದ್ದರು. ಒಮ್ಮೆ ಒಂದು ಆರೋಗ್ಯ ಶಿಬಿರಕ್ಕೆ ಹೋದಾಗ ತೂಕ ನೋಡಿದವರು, “ನೀವು ಇಷ್ಟು ಸಣ್ಣಗಿದ್ದೀರಿ, ನಿಮಗೆಲ್ಲಿಯ ಸಕ್ಕರೆ?” ಎಂದು ಬೆರಳು ಚುಚ್ಚದೆಯೇ ಕಳಿಸಿದರು. ಮರುವರ್ಷ ಅಡಿಕೆ ಕೊಯ್ಲಿನ ಸಮಯದಲ್ಲಿ ಕಾಲಿಗಾದ ಒಂದು ಸಣ್ಣ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ, ಸಕ್ಕರೆ ಬಂದು ಬಹಳ ಕಾಲವಾಗಿರಬೇಕು ಎಂದರು. “ಅತ್ತಿಗೆ, ನಾನು ಕಾಫಿಗೂ ಬೆಲ್ಲ ಕಮ್ಮಿ ಹಾಕಿಕೊಳ್ಳೋಳು, ನಂಗೆಂಥಕ್ಕೆ ಬಂತು?” ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಬ್ಬಳು ಬಿಸಿಯೂಟದ ಅಡುಗೆಯವಳು. ಮೈಕಟ್ಟೇ ದೊಡ್ಡದು. ಮಂಡಿ ನೋವೆಂದು ಹೋದರೂ, ಕೆಮ್ಮೆಂದು ಹೋದರೂ, ಸುಸ್ತೆಂದು ಹೋದರೂ ಅವಳಿಗೆ ಸಿಕ್ಕುತ್ತಿದ್ದ ಔಷಧಿ ಒಂದೇ: “ತೂಕ ಇಳಿಸು.” ಒಂದು ಸಲ ನಾಲ್ಕು ಜನರ ಮುಂದೆ, “ಶಾಲೆ ಅನ್ನವೆಲ್ಲ ನೀನೇ ತಿಂತೀಯೇನು?” ಎಂದರಂತೆ. ಅಂದಿನಿಂದ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಳು. “ಹೋದರೆ ಬೈಯ್ತಾರೆ ಮೇಡಂ, ಬೈಸಿಕೊಳ್ಳೋಕೆ ಬಸ್ ಚಾರ್ಜ್ ಕೊಟ್ಟು ಯಾಕೆ ಹೋಗಬೇಕು?” ಎನ್ನುತ್ತಿದ್ದಳು. ಎರಡು ವರ್ಷದ ನಂತರ ಮಗಳ ಒತ್ತಾಯಕ್ಕೆ ಬೇರೆ ಕಡೆ ತೋರಿಸಿದಾಗ ಥೈರಾಯ್ಡ್ ತೊಂದರೆ ಎಂದು ಗೊತ್ತಾಯಿತು. ಮಾತ್ರೆ ಶುರುವಾದ ಮೇಲೆ ಸುಸ್ತು ಹೋಯಿತು. ಮೈ ಪೂರ್ತಿ ಇಳಿಯಲಿಲ್ಲ, ಇಳಿಯಬೇಕೆಂದೂ ಇಲ್ಲ.

ಒಬ್ಬಳನ್ನು ಅಂಕಿ ಹೊಗಳಿ ಕೆಡಿಸಿತು, ಇನ್ನೊಬ್ಬಳನ್ನು ಬೈದು ಕೆಡಿಸಿತು. ಹಾಗೆಂದು ಅಂಕಿಯನ್ನೇ ಸುಳ್ಳೆನ್ನಲು ಬರುವುದಿಲ್ಲ. ತೂಕ ಹೆಚ್ಚಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂಬುದು ನಿಜ. ಆ ಮಾತು ನಿಜವಾಗುವುದು ಗುಂಪಿನ ವಿಷಯದಲ್ಲಿ. ನೂರು ಹೆಂಗಸರನ್ನು ಸಾಲಾಗಿ ನಿಲ್ಲಿಸಿದರೆ ಇಷ್ಟು ಜನಕ್ಕೆ ಬಂದೀತು ಎಂದು ಹೇಳಬಹುದು. ನೀನು ಆ ನೂರರಲ್ಲಿ ಎಷ್ಟನೆಯವಳು ಎಂದು ಹೇಳಲಾಗದು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ 5,209 ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಹೃದ್ರೋಗದ ಅಪಾಯದ ಲೆಕ್ಕಗಳನ್ನು ಕಟ್ಟಿದರು. ದೊಡ್ಡ ಕೆಲಸವೇ ಸರಿ. ಆದರೆ ಅದು ಆ ಊರಿನ ಜನರ ಕತೆ.

ನಮ್ಮ ಅಡಿಕೆ ಮಂಡಿಯಲ್ಲಿ ಮೂಟೆಯೊಳಗೆ ಕೈಹಾಕಿ ಒಂದು ಹಿಡಿ ತೆಗೆದು ನೋಡಿ ಇಡೀ ಮೂಟೆಗೆ ದರ ಕಟ್ಟುತ್ತಾರೆ. ಅದರಲ್ಲಿ ತಪ್ಪಿದರೂ ಕಿಲೋಗೆ ಇಷ್ಟು ಎಂದು ನಷ್ಟ. ಆಸ್ಪತ್ರೆಯ ಲೆಕ್ಕ ಇದರ ತಿರುವುಮುರುವು: ಮೂಟೆ ನೋಡಿ ಒಂದು ಅಡಿಕೆಗೆ ದರ ಕಟ್ಟುವುದು. ಆ ಅಡಿಕೆ ರಾಶಿಯೋ, ಬೆಟ್ಟೆಯೋ, ಗೊರಬಲೋ ಒಡೆದು ನೋಡದೆ ಹೇಗೆ ತಿಳಿಯಬೇಕು?

ಒಡೆದು ನೋಡಿದವರು ಇದ್ದಾರೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇಬ್ಬರ ಬಿ.ಎಂ.ಐ.ಯೂ ಒಂದೇ ಆಗಿತ್ತು, 22.3. ಇಬ್ಬರ ದೇಹದಲ್ಲಿನ ಕೊಬ್ಬನ್ನು ಅಳೆದಾಗ ಯುಡ್ಕಿನ್ನರದು ನೂರಕ್ಕೆ 9.1, ಯಾಜ್ಞಿಕರದು 21.2. ತಮ್ಮ ಫೋಟೋವನ್ನೇ ಹಾಕಿ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು. ಸಣ್ಣಗೆ ಕಾಣುವ ಭಾರತೀಯನ ಹೊಟ್ಟೆಯೊಳಗೆ ಕೊಬ್ಬು ಅಡಗಿ ಕುಳಿತಿರುತ್ತದೆ ಎಂಬುದು ಅದರ ತಾತ್ಪರ್ಯ. ನಾದಿನಿಯ ಪ್ರಶ್ನೆಗೆ ಅರ್ಧ ಉತ್ತರ ನನಗೆ ಅಲ್ಲಿ ಸಿಕ್ಕಿತು.

ಉಳಿದರ್ಧ ನಮ್ಮ ಮೈಸೂರಿನಲ್ಲೇ ಇತ್ತು. ಅಲ್ಲಿ ಎಲ್ಲರೂ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಟ್ಟಿದ್ದರು. ತಾಯಿಯ ತೂಕವನ್ನೂ ಬರೆದಿದ್ದರು. ಯಾರೋ ದಾದಿಯರು ದಿನದ ಕೆಲಸವೆಂದು ಮಾಡಿದ್ದು. ಅರವತ್ತು ವರ್ಷದ ಮೇಲೆ ಯಾರಾದರೂ ಅದನ್ನು ಬಿಚ್ಚಿ ನೋಡಿಯಾರೆಂದು ಅವರು ಎಣಿಸಿರಲಾರರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲೇ ಉಳಿದಿದ್ದ 517 ಜನರನ್ನು ಹುಡುಕಿ, ಅವರ ಹೃದಯ ಪರೀಕ್ಷೆ ಮಾಡಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆಯಿದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ದಾಟಿ ಚೆನ್ನಾಗಿ ಬೆಳೆದು ಹುಟ್ಟಿದವರಲ್ಲಿ ನೂರಕ್ಕೆ 3. ಮಗುವೂ ಸಣ್ಣದಾಗಿದ್ದು ಬಸುರಿಯಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆಯಿದ್ದಲ್ಲಿ ಆ ಸಂಖ್ಯೆ 20. ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಅಲ್ಲಿ ಬೇರೆ ದಾರಿ ಹಿಡಿಯಿತು. ಹುಟ್ಟುವಾಗ ಗಿಡ್ಡಗಿದ್ದು ದುಂಡಗಿದ್ದ ಮಕ್ಕಳಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚೆಂದು ಕಂಡಿತು. ಮೈಯ ಲೆಕ್ಕ ಒಂದೇ ಗೆರೆಯಲ್ಲಿ ಹೋಗುವುದಿಲ್ಲ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾದಿನಿ ಎಂಟನೇ ತಿಂಗಳಿಗೆ, ಜಡಿಮಳೆಯಲ್ಲಿ, ಮನೆಯಲ್ಲೇ ಹುಟ್ಟಿದವಳು. ಅವಳ ತೂಕ ಬರೆದಿಟ್ಟವರಿಲ್ಲ. ಆದರೆ ನನ್ನ ಅತ್ತೆ ಹೇಳುತ್ತಿದ್ದರು: “ಮೊರದಲ್ಲಿ ಮಲಗಿಸಿದರೆ ಮೊರ ಖಾಲಿ ಇದ್ದ ಹಾಗೇ ಕಾಣೋದು.” ಅದೂ ಒಂದು ದಾಖಲೆಯೇ. ಯಾವ ಅಪಾಯ ಅವಳ ಮೈಯಲ್ಲಿ ಕುಳಿತಿತ್ತೋ ಅದು ಅವಳು ಒಂದು ತುತ್ತನ್ನೂ ತಾನಾಗಿ ತಿನ್ನುವ ಮೊದಲೇ ಬಂದು ಕುಳಿತಿರಬಹುದು. ಹಾಗಿರುವಾಗ “ನೀನು ನಿನ್ನ ಮೈ ನೋಡಿಕೊಳ್ಳಲಿಲ್ಲ” ಎಂದು ಯಾರನ್ನು ಬೈಯೋಣ?

ಇಲ್ಲಿ ಇನ್ನೊಂದು ಗುಂಡಿಯಿದೆ. ಮಗಳ ಮೇಲಿದ್ದ ತಪ್ಪನ್ನು ತೆಗೆದು ತಾಯಿಯ ತಲೆಗೆ ಕಟ್ಟುವುದು ಬಹಳ ಸುಲಭ. “ಬಸುರಿಯಲ್ಲಿ ಸರಿಯಾಗಿ ತಿನ್ನಲಿಲ್ಲ” ಎಂದು ಒಂದು ಸಾಲು ಬರೆದರಾಯಿತು. ನನ್ನ ಅತ್ತೆ ತಿನ್ನಲಿಲ್ಲ ನಿಜ. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಅವರ ಊಟ. ಹೆಚ್ಚು ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆಂದು ಅವರ ಅತ್ತೆ ಕಲಿಸಿದ್ದರು. ಆಸ್ಪತ್ರೆ ಹೊಳೆಯಾಚೆ, ಮಳೆಗಾಲದಲ್ಲಿ ಸಂಕ ದಾಟಲಾಗದ ಕಾಲದಲ್ಲಿ ಆ ಹೆದರಿಕೆ ಸುಳ್ಳೂ ಆಗಿರಲಿಲ್ಲ. ಅವರನ್ನು ಕಟಕಟೆಯಲ್ಲಿ ನಿಲ್ಲಿಸಲು ನಾನು ತಯಾರಿಲ್ಲ.

ಶಾಲೆಯಲ್ಲಿ ನಾವೂ ಇಂಥ ಪಟ್ಟಿ ಮಾಡುತ್ತೇವೆ. ಎಸ್.ಎಸ್.ಎಲ್.ಸಿ. ಪೂರ್ವಸಿದ್ಧತಾ ಪರೀಕ್ಷೆಯ ಅಂಕ ನೋಡಿ ‘ಇವರು ಹಿಂದೆ ಬೀಳಬಹುದು’ ಎಂದು ಹೆಸರು ಬರೆದಿಡುತ್ತೇವೆ. ಪಟ್ಟಿ ತಪ್ಪಲ್ಲ. ಅದನ್ನು ಹಿಡಿದು ಸಂಜೆ ಒಂದು ಗಂಟೆ ಹೆಚ್ಚು ಕೂತು ಪಾಠ ಮಾಡಿದರೆ ಆ ಪಟ್ಟಿ ಮಕ್ಕಳ ಕಡೆಗಿದೆ. ಅದನ್ನೇ ತರಗತಿಯಲ್ಲಿ ಗಟ್ಟಿಯಾಗಿ ಓದಿದರೆ ಮಕ್ಕಳ ಎದುರಿಗಿದೆ. ಕಾಗದ ಅದೇ, ಹೆಸರುಗಳೂ ಅವೇ. ಹಾಗಾಗಿ ನನಗೆ ಬಿ.ಎಂ.ಐ. ಸರಿಯೋ ತಪ್ಪೋ ಎಂಬುದಕ್ಕಿಂತ, ಅದನ್ನು ಯಾರ ಕೈಯಲ್ಲಿ, ಯಾರ ಪರವಾಗಿ ಹಿಡಿದಿದ್ದಾರೆ ಎಂಬುದೇ ದೊಡ್ಡದಾಗಿ ಕಾಣುತ್ತದೆ.

ಒಳ್ಳೆಯ ರೀತಿಯಲ್ಲಿ ಹಿಡಿದದ್ದನ್ನೂ ನೋಡಿದ್ದೇನೆ. ನಮ್ಮೂರಿನ ಆಶಾ ಕಾರ್ಯಕರ್ತೆ ಒಂದು ಟೇಪು, ಒಂದು ಫಾರಂ ಹಿಡಿದು ಮನೆಮನೆಗೆ ಬರುತ್ತಾಳೆ. ವಯಸ್ಸು, ಹೊಗೆಸೊಪ್ಪು, ಸೊಂಟದ ಸುತ್ತಳತೆ, ನಡಿಗೆ, ಮನೆಯಲ್ಲಿ ಯಾರಿಗಾದರೂ ಸಕ್ಕರೆ, ಬಿ.ಪಿ. ಇದೆಯೇ ಎಂದು ಕೇಳಿ ಅಂಕ ಹಾಕುತ್ತಾಳೆ. ವಯಸ್ಸಾದದ್ದಕ್ಕೂ ಅಂಕ ಕೊಡುವ ಪರೀಕ್ಷೆಯನ್ನು ನಾನು ಕಂಡದ್ದು ಅದೊಂದೇ! “ಮೇಡಂ, ನಿಮ್ಮದು ನಾಲ್ಕು ದಾಟಿತು,” ಎಂದಳು. “ಅಂದರೆ ನನಗೆ ಕಾಯಿಲೆಯೇನೇ?” ಎಂದೆ. “ಅಲ್ಲ ಮೇಡಂ, ನಿಮ್ಮ ರಕ್ತ ಮೊದಲು ನೋಡಬೇಕು ಅಂತ ಅಷ್ಟೆ. ಮೂವತ್ತು ದಾಟಿದವರಿಗೆಲ್ಲ ನೋಡ್ತೀವಿ, ಸಣ್ಣಗಿದ್ದರೂ ನೋಡ್ತೀವಿ.” ಇಡೀ ವಿಷಯವನ್ನು ಇಷ್ಟು ಚೊಕ್ಕವಾಗಿ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಟೇಪು ಸುತ್ತುವಾಗ ಅವಳು ಸೆರಗನ್ನು ಅಡ್ಡ ಹಿಡಿದು, ಅಂಕಿಯನ್ನು ಬಾಯಿಬಿಟ್ಟು ಹೇಳದೆ ಬರೆದುಕೊಂಡಳು. ಅಡುಗೆಯವಳ ಮನೆಯಲ್ಲೂ ಹಾಗೆಯೇ ಮಾಡಿದಳೆಂದು ಆಮೇಲೆ ತಿಳಿಯಿತು.

ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಜನ ಹೆಚ್ಚು ತೂಕದವರು, 17 ಜನ ತೀರ ಸಣ್ಣಗಿರುವವರು ಎಂದು 2019-20ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಒಂದೇ ರಾಜ್ಯ, ಎಷ್ಟೋ ಸಲ ಒಂದೇ ಅಡುಗೆಮನೆ. ಬಿ.ಎಂ.ಐ. ಒಂದರಿಂದಲೇ ಬೊಜ್ಜನ್ನು ರೋಗವೆಂದು ತೀರ್ಮಾನಿಸಬಾರದು, ಸೊಂಟದಂಥ ಅಳತೆಗಳೂ ಅವರವರ ಅಂಗಾಂಗಗಳು ಕೆಲಸ ಮಾಡುವ ರೀತಿಯೂ ಸೇರಬೇಕು ಎಂದು 2025ರಲ್ಲಿ ಜಗತ್ತಿನ ತಜ್ಞರ ಒಂದು ತಂಡ ಹೇಳಿತು. ಅಡುಗೆಯವಳಿಗೆ ಇದನ್ನು ಹೇಳಿದೆ. “ಈಗ ಗೊತ್ತಾಯ್ತಾ ಅವರಿಗೆ?” ಎಂದು ನಕ್ಕು ಸಾರಿಗೆ ಒಗ್ಗರಣೆ ಹಾಕಲು ಹೋದಳು.

ನಾದಿನಿಯ ಕಾಲಿನ ಗಾಯ ಮಾಯಿದೆ. ಮಾತ್ರೆ, ಪಥ್ಯ ನಡೆದಿದೆ. ಅವಳ ಮಗಳಿಗೆ ಈಗ ಐದು ತಿಂಗಳು. ಬಾಣಂತನಕ್ಕೆ ಇಲ್ಲಿಗೇ ಬರುತ್ತಾಳೆ. ತಾಯಿ ಕಾರ್ಡಿನಲ್ಲಿ ಕಳೆದ ತಿಂಗಳ ತೂಕ 43 ಎಂದಿತ್ತು, ಈ ತಿಂಗಳು 45. ಮೊನ್ನೆ ಭಾನುವಾರ ಕಡುಬು ಮಾಡಿದ್ದೆವು. ನಾದಿನಿ ಮಗಳಿಗೆ ಮೊದಲು ಬಡಿಸಿ, ಗಂಡಸರು ತೋಟದಿಂದ ಬರಲೆಂದು ಕಾಯದೆ, ತಾನೂ ಪಕ್ಕದಲ್ಲಿ ಕೂತಳು. ಒಳಗೆ ಮಲಗಿದ್ದ ಅತ್ತೆ, “ಯಾರದ್ದು ಊಟ ಆಗ್ತಾ ಇರೋದು?” ಎಂದು ಕೇಳಿದರು. “ನಮ್ಮದೇ ಅಮ್ಮ,” ಎಂದಳು ನಾದಿನಿ, “ನಿಮಗೂ ತಂದೆ, ತಡೀರಿ.”